ಯಾರಿಗೆ ಏನು ಗೊತ್ತು?

"ಕಾದಂಬರಿ ಪೂರ್ತಿ ತಲೆಯಲ್ಲಿದೆ, ಬರೆದು ಇಳಿಸೋದೊಂದೇ ಬಾಕಿ." ಬರೆಯುವ ಹಂಬಲ ಇರುವವರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕೂರಿಸಿಕೊಂಡು ಕೇಳಿದರೆ ಮೊದಲಿಂದ ಕೊನೆಯವರೆಗೂ ಹೇಳುತ್ತಾರೆ: ಯಾರು ಯಾರನ್ನು ಮದುವೆಯಾದರು, ಯಾರು ಮನೆ ಬಿಟ್ಟು ಹೋದರು, ಯಾರು ಸತ್ತರು, ಕೊನೆಯ ಪುಟದಲ್ಲಿ ಯಾರ ಎದುರು ಯಾರು ನಿಂತಿರುತ್ತಾರೆ. ಕೆಲವರ ಹತ್ತಿರ ಅಧ್ಯಾಯವಾರು ಪಟ್ಟಿಯೇ ಸಿದ್ಧವಿರುತ್ತದೆ. ಆದರೂ ಬರೆಯಲು ಕೂತ ಮೇಲೆ ಮೂರನೆಯದೋ ನಾಲ್ಕನೆಯದೋ ಅಧ್ಯಾಯದ ಹೊತ್ತಿಗೆ ಕೈ ನಿಂತುಹೋಗುತ್ತದೆ. ಪುರುಸೊತ್ತು ಸಿಗಲಿಲ್ಲ, ಕೆಲಸದ ಒತ್ತಡ, ಮೂಡ್ ಬರಲಿಲ್ಲ ಎಂದೆಲ್ಲ ಕಾರಣ ಕೊಡುತ್ತೇವೆ. ನನಗೆ ಈ ಕಾರಣಗಳು ಸಾಲವು ಅನ್ನಿಸುತ್ತದೆ. ಇದೇ ಜನ ಇದೇ ಒತ್ತಡದ ನಡುವೆ ಸಣ್ಣಕಥೆ ಬರೆದು ಮುಗಿಸುತ್ತಾರೆ. ಕಾದಂಬರಿ ಮಾತ್ರ ಪಟ್ಟಿ ಕೈಯಲ್ಲಿದ್ದರೂ ನಿಲ್ಲುತ್ತದೆ ಎಂದರೆ ಆ ಪಟ್ಟಿಯಲ್ಲೇ ಏನೋ ಇಲ್ಲ.

ಗೆಳೆಯರು ಓದಲು ಕೊಟ್ಟ ಅರ್ಧಂಬರ್ಧ ಹಸ್ತಪ್ರತಿಗಳನ್ನು ಇದೇ ಪ್ರಶ್ನೆ ಇಟ್ಟುಕೊಂಡು ಓದುತ್ತಾ ಬಂದಿದ್ದೇನೆ. ಮೊದಲ ಅಧ್ಯಾಯಗಳಲ್ಲಿ ಜೀವ ಇರುತ್ತದೆ, ಭಾಷೆ ಚುರುಕಾಗಿರುತ್ತದೆ. ಆಮೇಲೆ ಒಂದು ಕಡೆ ಪಾತ್ರಗಳು ಬರುತ್ತವೆ, ಪಟ್ಟಿಯಲ್ಲಿ ಹೇಳಿದ ಕೆಲಸ ಮಾಡುತ್ತವೆ, ಹೊರಟುಹೋಗುತ್ತವೆ. ಆ ಜಾಗವನ್ನು ಗುರುತು ಹಾಕಿಕೊಂಡು ಮತ್ತೆ ಓದಿದರೆ ಹೆಚ್ಚಿನ ಸಲ ಕಾಣುವುದು ಒಂದೇ ಸಂಗತಿ. ಕಥೆಯೊಳಗಿನ ಎಲ್ಲರಿಗೂ ಎಲ್ಲ ವಿಷಯ ಗೊತ್ತಾಗಿಬಿಟ್ಟಿರುತ್ತದೆ. ಲೇಖಕನಿಗೆ ತಿಳಿದಿರುವಷ್ಟು ಪಾತ್ರಗಳಿಗೂ ತಿಳಿದಿದೆ, ಓದುಗನಿಗೂ ತಿಳಿದಿದೆ. ಆಮೇಲೆ ಅವರವರ ನಡುವೆ ಆಡಲು ಮಾತು ಉಳಿಯುವುದಿಲ್ಲ. ಜಗಳ ಆಡಿಸಬಹುದು, ಅಳಿಸಬಹುದು, ಅಷ್ಟೇ.

ಅಕ್ಕನ ಪ್ರಶ್ನೆ

ನಾನು ಈಗ ಬರೆಯುತ್ತಿರುವ ಕಾದಂಬರಿಯ ಪಟ್ಟಿಯನ್ನು ಒಂದು ಸಂಜೆ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಬರೆಯುವವಳಲ್ಲ, ಓದುವವಳು. ಚೆನ್ನಾಗಿದೆ ಎಂದು ಸುಮ್ಮನೆ ಹೇಳುವ ಅಭ್ಯಾಸ ಅವಳಿಗಿಲ್ಲ, ಹಾಗಾಗಿಯೇ ಅವಳಿಗೆ ಓದಿ ಹೇಳುವುದು. ಒಗೆದು ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ಸುರಿದುಕೊಂಡು ಮಡಿಸುತ್ತಾ ಕೇಳುತ್ತಿದ್ದಳು. ಕಥೆ ಇಷ್ಟು: ನಿವೃತ್ತರಾದ ಮೇಷ್ಟ್ರೊಬ್ಬರು ಹಿರಿಮಗನ ವ್ಯಾಪಾರ ಉಳಿಸಲು ಮನೆಯ ಪತ್ರ ಅಡ ಇಟ್ಟಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸಾಲ ತೀರುತ್ತಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಮಗಳು ವಸುಧಾಳ ಕೈಗೆ ಬ್ಯಾಂಕಿನ ನೋಟಿಸು ಸಿಗುತ್ತದೆ. ಪಟ್ಟಿಯಲ್ಲಿ ಆ ಅಧ್ಯಾಯದ ಎದುರಿಗೆ ಇದ್ದದ್ದು ಹೀಗೆ: "ವಸುಧಾಗೆ ನೋಟಿಸು ಸಿಗುತ್ತದೆ. ಅಪ್ಪನನ್ನು ಕೇಳುತ್ತಾಳೆ. ಜಗಳ. ಅಮ್ಮ ಅಳುತ್ತಾಳೆ."

ಅಕ್ಕ ಮಡಿಸುತ್ತಿದ್ದ ಸೀರೆಯನ್ನು ಅರ್ಧಕ್ಕೇ ಹಿಡಿದುಕೊಂಡು, "ತಡಿ, ಆ ನೋಟಿಸನ್ನ ಇವಳಿಗಿಂತ ಮುಂಚೆ ಅಮ್ಮ ನೋಡಿದ್ಲಾ?" ಅಂದಳು.

"ಇಲ್ಲ."

"ಯಾಕಿಲ್ಲ? ಮನೆಗೆ ಕಾಗದ ಬಂದ್ರೆ ಈಸ್ಕೊಳ್ಳೋದು ಯಾರು? ದಿನಾ ಮನೇಲಿರೋಳು ಅವಳೇ ತಾನೇ? ಇದೇ ಮೊದಲನೇ ನೋಟಿಸಾ?"

ನಾನು ಪಟ್ಟಿ ನೋಡಿದೆ. ಅದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಕ್ಕ ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟು ಮುಂದುವರಿಸಿದಳು. "ಅಮ್ಮನಿಗೆ ಮೊದಲೇ ಗೊತ್ತಿದ್ರೆ ಅವಳು ಅಳಲ್ಲ ಕಣೋ. ಅಯ್ಯೋ, ಮಗಳಿಗೂ ಗೊತ್ತಾಗೋಯ್ತಲ್ಲ ಅಂತ ಹೆದರ್ತಾಳೆ. ಮೊದಲು ಅದನ್ನ ಮುಚ್ಚಿಡೋಕೆ ನೋಡ್ತಾಳೆ."

ಇಷ್ಟು ಹೇಳಿ ಅವಳು ಮುಂದಿನ ಬಟ್ಟೆಗೆ ಕೈ ಹಾಕಿದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಥೆಯ ಒಂದೇ ಒಂದು ಘಟನೆಯೂ ಬದಲಾಗಿರಲಿಲ್ಲ. ಅದೇ ಸಾಲ, ಅದೇ ನೋಟಿಸು, ಅದೇ ಮನೆ. ಆದರೆ ಅಮ್ಮನಿಗೆ ಮೊದಲೇ ಗೊತ್ತಿತ್ತು ಎಂದುಕೊಂಡ ಕೂಡಲೇ ಆಗಲೇ ಬರೆದು ಮುಗಿಸಿದ್ದ ಎರಡನೇ ಅಧ್ಯಾಯ ಬೇರೆಯಾಗಿ ಕಾಣತೊಡಗಿತು. ಅಲ್ಲಿ ವಸುಧಾ, ಮಳೆಗಾಲಕ್ಕೆ ಮುಂಚೆ ಮಾಡು ಸರಿ ಮಾಡಿಸೋಣ ಎನ್ನುತ್ತಾಳೆ, ಅಮ್ಮ "ಈ ವರ್ಷ ಬೇಡ ಬಿಡು" ಎಂದು ಮಾತು ತೇಲಿಸುತ್ತಾಳೆ. ಅಮ್ಮ ಕೈ ಬಿಗಿ ಹಿಡಿಯುವ ಹೆಂಗಸು ಎಂದು ತೋರಿಸಲು ಆ ಮಾತು ಬರೆದಿದ್ದೆ. ಈಗ ಅದು ನಾಳೆ ಯಾರದ್ದಾಗುತ್ತದೋ ಗೊತ್ತಿಲ್ಲದ ಮನೆಗೆ ದುಡ್ಡು ಹಾಕಲು ಒಪ್ಪದವಳ ಮಾತಾಯಿತು. ಒಂದಕ್ಷರ ತಿದ್ದಬೇಕಾಗಿರಲಿಲ್ಲ. ಗಂಡನೂ ಹೆಂಡತಿಯೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಓಡಾಡುತ್ತಿದ್ದಾರೆ ಎನ್ನುವುದು ಹೊಳೆದಾಗ, ಇಷ್ಟು ದಿನ ನಾನು ಹುಡುಕುತ್ತಿದ್ದ ಕಾದಂಬರಿ ಇದೇ ಅನ್ನಿಸಿತು.

ಕರ್ಣನ ಹುಟ್ಟು

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳ ರಾಜ-ರಾಣಿಯ ಉದಾಹರಣೆ ಬರೆಯುವವರಿಗೆಲ್ಲ ಗೊತ್ತು. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಬರೀ ಕಥೆ. ರಾಜ ಸತ್ತ ದುಃಖಕ್ಕೆ ರಾಣಿ ಸತ್ತಳು ಎಂದರೆ ಅದು ಕಥಾಸಂವಿಧಾನ, ಅಂದರೆ ಪ್ಲಾಟ್. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಫಾರ್ಸ್ಟರ್ ಅದೇ ಜಾಗದಲ್ಲಿ ಮೂರನೆಯ ರೂಪವನ್ನೂ ಕೊಡುತ್ತಾನೆ: ರಾಣಿ ಸತ್ತಳು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ, ಕೊನೆಗೆ ರಾಜ ಸತ್ತ ದುಃಖವೇ ಕಾರಣ ಎಂದು ತಿಳಿದುಬಂತು. ನನಗೆ ಮೊದಲೆರಡಕ್ಕಿಂತ ಇದೇ ಮುಖ್ಯ. ಘಟನೆ ಅವೇ, ಕಾರಣವೂ ಅದೇ. ಹೊಸದಾಗಿ ಸೇರಿದ್ದು ತಿಳಿಯದೇ ಇದ್ದ ಜನ ಮಾತ್ರ. ಅವರು ಬಂದ ಕೂಡಲೇ ಅರಮನೆಗೆ ಆಳುಕಾಳು, ಪಿಸುಮಾತು, ಅನುಮಾನ ಎಲ್ಲ ಬಂದವು.

ನಮಗೆ ಇದನ್ನು ಕಲಿಯಲು ಕೇಂಬ್ರಿಜ್‌ಗೆ ಹೋಗಬೇಕಾಗಿಯೂ ಇಲ್ಲ. ಕರ್ಣನ ಕಥೆಯನ್ನು ಘಟನೆಗಳ ಪಟ್ಟಿ ಮಾಡಿದರೆ ನಾಲ್ಕು ಸಾಲು: ಕನ್ಯೆಯೊಬ್ಬಳು ಮಗುವನ್ನು ಹೊಳೆಗೆ ಬಿಟ್ಟಳು, ಸೂತನ ಮನೆಯಲ್ಲಿ ಅದು ಬೆಳೆಯಿತು, ದುರ್ಯೋಧನನ ಗೆಳೆಯನಾಯಿತು, ತಮ್ಮನ ಬಾಣಕ್ಕೆ ಸತ್ತಿತು. ಇದರಲ್ಲಿ ಸಂಕಟ ಎಲ್ಲಿದೆ? ಪುಟದ ಮೇಲೆ ಒಂದೊಂದು ಹೆಸರಿಗೆ ಒಂದೊಂದು ಕಾಲಂ ಹಾಕಿ ಯಾರಿಗೆ ಯಾವಾಗ ಗೊತ್ತಾಯಿತು ಎಂದು ತುಂಬಿ ನೋಡಿ. ಕುಂತಿಗೆ ಮೊದಲ ದಿನದಿಂದ ಗೊತ್ತು. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಆ ಹುಡುಗ ಬಂದು ನಿಂತಾಗ ಗುರುತು ಹಿಡಿದು ಮೂರ್ಛೆ ಹೋಗುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ಅಧಿರಥ ಮತ್ತು ರಾಧೆಗೆ ಮಗು ನೀರಿನಲ್ಲಿ ತೇಲಿಬಂದದ್ದು ಗೊತ್ತು, ಯಾರದ್ದೆಂದು ಗೊತ್ತಿಲ್ಲ. ಕರ್ಣನಿಗೆ ತಿಳಿಯುವುದು ಸಂಧಾನ ಮುರಿದ ಮೇಲೆ, ಕೃಷ್ಣನ ಬಾಯಿಂದ. ಅಷ್ಟರಲ್ಲಿ ಅವನು ಯಾರ ಉಪ್ಪು ತಿಂದಿದ್ದಾನೋ ಅವರನ್ನು ಬಿಟ್ಟು ಬರುವ ಕಾಲ ಮೀರಿಹೋಗಿದೆ. ಆಮೇಲೆ ಕುಂತಿಯೂ ಬಂದು ಹೇಳುತ್ತಾಳೆ. ಭೀಷ್ಮನಿಗೂ ಗೊತ್ತಿತ್ತು ಎನ್ನುವುದು ಅವನು ಶರಶಯ್ಯೆಯಲ್ಲಿ ಮಲಗಿದ ಮೇಲೆ ಹೊರಬರುತ್ತದೆ. ಧರ್ಮರಾಯನಿಗೆ ತಿಳಿಯುವುದು ಎಲ್ಲ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿಗೆ.

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಒಂದು ಜಾಗವಿದೆ. ಸತ್ಯ ತಿಳಿದ ಕರ್ಣ ಕೃಷ್ಣನನ್ನು ಕೇಳಿಕೊಳ್ಳುತ್ತಾನೆ: ಇದನ್ನು ಯುಧಿಷ್ಠಿರನಿಗೆ ಹೇಳಬೇಡ, ತಿಳಿದರೆ ಅವನು ರಾಜ್ಯವನ್ನು ಇಟ್ಟುಕೊಳ್ಳುವುದಿಲ್ಲ, ನನಗೆ ಕೊಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ. ಮೂವರ ಸ್ವಭಾವ ಒಂದೇ ಮಾತಿನಲ್ಲಿ ಬಂದುಬಿಟ್ಟಿತು. ಒಬ್ಬನಿಗೆ ಗೊತ್ತಾದರೆ ಯುದ್ಧವೇ ನಡೆಯುವುದಿಲ್ಲ, ಹಾಗಾಗಿ ಅವನಿಗೆ ಗೊತ್ತಾಗಬಾರದು ಎಂದು ಇನ್ನೊಬ್ಬ ನಿರ್ಧರಿಸುತ್ತಾನೆ. ಕಾದಂಬರಿಯನ್ನು ಹೇಗೆ ಯೋಜಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಭಾಗವನ್ನು ಓದಿ ಎನ್ನುತ್ತೇನೆ. ಭೈರಪ್ಪನವರ 'ಪರ್ವ' 1979ರಲ್ಲಿ ಬಂದಾಗ ಅದರ ಕಥೆ ಗೊತ್ತಿಲ್ಲದ ಕನ್ನಡ ಓದುಗ ಇದ್ದನೇ? ಮುಂದೇನಾಗುತ್ತದೆ ಎನ್ನುವ ಕುತೂಹಲ ಅಲ್ಲಿ ಸಾಧ್ಯವೇ ಇಲ್ಲ. ಆದರೂ ಪುಟ ತಿರುವುತ್ತೇವೆ, ಏಕೆಂದರೆ ಒಬ್ಬೊಬ್ಬರ ಮನಸ್ಸಿನೊಳಗೆ ಕೂತು ಅವರಿಗೆ ಕಂಡಷ್ಟನ್ನು, ಅವರು ನೆನೆದಷ್ಟನ್ನು ಮಾತ್ರ ನೋಡುತ್ತಾ ಹೋಗುತ್ತೇವೆ.

ಈಗಲೇ ಬೇಡ

ನಕ್ಷೆ ಹಾಕಿಕೊಂಡು ಬರೆಯಬೇಕೋ ಸುಮ್ಮನೆ ಬರೆಯುತ್ತಾ ಹೋಗಬೇಕೋ ಎನ್ನುವ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಎರಡೂ ರೀತಿಯಲ್ಲಿ ದೊಡ್ಡ ಕಾದಂಬರಿಗಳು ಬಂದಿವೆ. ನಕ್ಷೆಯಲ್ಲಿ ಏನಿರಬೇಕು ಎನ್ನುವುದೇ ನನ್ನ ಪ್ರಶ್ನೆ, ಮತ್ತು ಅದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಚಾರ್ಲ್ಸ್ ಡಿಕನ್ಸ್‌ನ ಹಾಳೆಗಳು. ಅವನ ದೊಡ್ಡ ಕಾದಂಬರಿಗಳು ತಿಂಗಳಿಗೊಂದು ಕಂತಿನಂತೆ, ಕಂತಿಗೆ 32 ಪುಟಗಳಂತೆ ಅಚ್ಚಾಗುತ್ತಿದ್ದವು. ಧಾರಾವಾಹಿ ಬರೆದವರಿಗೆ ಇದರ ಕಷ್ಟ ಗೊತ್ತು: ಅಚ್ಚಾದ ಕಂತನ್ನು ಹಿಂದಕ್ಕೆ ಪಡೆಯುವ ಹಾಗಿಲ್ಲ. 1846ರಲ್ಲಿ ಶುರುವಾದ 'ಡಾಂಬಿ ಅಂಡ್ ಸನ್' ಹೊತ್ತಿನಿಂದ ಅವನು ಕಂತಿಗೊಂದು ಹಾಳೆ ಇಟ್ಟುಕೊಳ್ಳುವ ಪದ್ಧತಿ ಮಾಡಿಕೊಂಡ. ಹಾಳೆಯಲ್ಲಿ ಎರಡು ಭಾಗ. ಬಲಗಡೆ ಅಧ್ಯಾಯದ ಸಂಖ್ಯೆ, ಹೆಸರು, ಅದರಲ್ಲಿ ಬರುವ ಸಂಗತಿ. ಎಡಗಡೆ ತನಗೆ ತಾನೇ ಕೇಳಿಕೊಂಡ ಪ್ರಶ್ನೆಗಳು: ಈ ಕಂತಿನಲ್ಲಿ ಇವನು ಬರಬೇಕಾ, ಈ ವಿಷಯ ಹೊರಬೀಳಬೇಕಾ? ಪಕ್ಕದಲ್ಲಿ ಉತ್ತರ: ಹೌದು, ಇಲ್ಲ, ಮುಂದಿನ ಸಲ. ಆ ಹಾಳೆಗಳು ಇಂದಿಗೂ ಉಳಿದಿವೆ. ಪಾತ್ರಗಳ ಹುಟ್ಟುಹಬ್ಬ, ಕಣ್ಣಿನ ಬಣ್ಣ ತುಂಬಿಸುವ ಇವತ್ತಿನ ಕಾದಂಬರಿ ಟೆಂಪ್ಲೇಟುಗಳಿಗಿಂತ ಆ ಎಡಭಾಗ ನನಗೆ ಹೆಚ್ಚು ಕಲಿಸಿದೆ. ಪಟ್ಟಿಯಲ್ಲಿ ಬರೀ ಉತ್ತರಗಳಿದ್ದರೆ ಬರೆಯುವವನಿಗೆ ಬರೆಯುವಾಗ ಮಾಡಲು ಕೆಲಸವಿಲ್ಲ. ಪ್ರಶ್ನೆ ಇದ್ದರೆ ಪ್ರತಿ ಅಧ್ಯಾಯಕ್ಕೆ ಮುಂಚೆ ಮತ್ತೆ ಯೋಚಿಸಬೇಕಾಗುತ್ತದೆ.

ಈಗ ನಾನೂ ಎ4 ಹಾಳೆಯನ್ನು ಉದ್ದಕ್ಕೆ ಮಡಚಿ ಹಾಗೆಯೇ ಮಾಡುತ್ತೇನೆ. ನಾಲ್ಕನೇ ಅಧ್ಯಾಯದ ಹಾಳೆಯ ಎಡಭಾಗ ಹೀಗಿದೆ: "ನೋಟಿಸು ಅಮ್ಮ ನೋಡಿದ್ದಾಳಾ? ಹೌದು, ಇದು ಮೂರನೆಯದು. ಅಮ್ಮನಿಗೆ ಗೊತ್ತಿರುವುದು ಅಪ್ಪನಿಗೆ ಗೊತ್ತಾ? ಇಲ್ಲ. ವಸುಧಾ ಕೇಳುತ್ತಾಳಾ? ಈಗಲೇ ಬೇಡ." ಆ ಮೂರನೆಯ ಉತ್ತರದಿಂದ ಜಗಳದ ದೃಶ್ಯವೇ ಹೋಯಿತು. ಅದರ ಜಾಗದಲ್ಲಿ ಬಂದದ್ದು ಸಣ್ಣದು. ಸಂಜೆ ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದಾರೆ. ಕತ್ತಲಾಗುತ್ತಿದ್ದರೂ ದೀಪ ಹಾಕಿಕೊಂಡಿಲ್ಲ. ವಸುಧಾ ಬಂದು ಸ್ವಿಚ್ ಹಾಕುತ್ತಾಳೆ. "ಏನಮ್ಮ, ಇವತ್ತು ಬೇಗ ಬಂದೆ?" "ತಲೆನೋವು ಅಪ್ಪಾ." ಅವರು ಮತ್ತೆ ಪೇಪರಿಗೆ ತಲೆ ತಗ್ಗಿಸುತ್ತಾರೆ. ನೋಟಿಸು ಅವಳ ಬ್ಯಾಗಿನಲ್ಲಿದೆ. ಒಳಗೆ ಅಮ್ಮ ಅದನ್ನು ಇಟ್ಟ ಜಾಗದಲ್ಲಿ ಹುಡುಕುತ್ತಿರುವ ಸದ್ದು ಇಬ್ಬರಿಗೂ ಕೇಳಿಸುತ್ತದೆ, ಏನು ಹುಡುಕುತ್ತಿದ್ದಾಳೆ ಎನ್ನುವುದು ವಸುಧಾಗೆ ಅರ್ಥವಾಗುತ್ತದೆ, ಅಪ್ಪನಿಗೆ ಆಗುವುದಿಲ್ಲ. ಜಗಳ ಬರೆದಿದ್ದರೆ ಕಥೆ ಅಲ್ಲೇ ಖರ್ಚಾಗಿ ಹೋಗುತ್ತಿತ್ತು. ಈಗ ಆ ಜಗಳ ಹದಿನೇಳನೇ ಅಧ್ಯಾಯಕ್ಕೆ ಹೋಗಿದೆ, ಅಲ್ಲಿಯವರೆಗಿನ ಪ್ರತಿ ಸಣ್ಣ ಮಾತಿನ ಹಿಂದೆಯೂ ಅದು ಇದೆ.

ಓದುಗನಿಗೂ ಒಂದು ಕಾಲಂ ಬೇಕು. ಪಾತ್ರಕ್ಕಿಂತ ಅವನಿಗೆ ಕಡಿಮೆ ಗೊತ್ತಿದ್ದರೆ ಕುತೂಹಲ ಹುಟ್ಟುತ್ತದೆ, ಹೆಚ್ಚು ಗೊತ್ತಿದ್ದರೆ ಆತಂಕ. ನನಗೆ ಎರಡನೆಯದೇ ಇಷ್ಟ. ಬಚ್ಚಿಟ್ಟು ಕೊನೆಯಲ್ಲಿ ಚಕಿತಗೊಳಿಸಿದರೆ ಓದುಗ ಒಂದು ಸಲ ಬೆಚ್ಚುತ್ತಾನೆ, ಎರಡನೇ ಸಲ ಓದುವುದಿಲ್ಲ. ಕುಂತಿಗೆ ಗೊತ್ತಿರುವುದು ನಮಗೂ ಗೊತ್ತಿರುವುದರಿಂದಲೇ ಆ ಪ್ರದರ್ಶನದ ದಿನ ನಮಗೂ ಉಸಿರು ಕಟ್ಟುತ್ತದೆ, ಎಷ್ಟನೇ ಸಲ ಓದಿದರೂ.

ಬರೆಯುತ್ತಾ ಹೋದ ಹಾಗೆ ಹಾಳೆಯ ಬಲಭಾಗವನ್ನು ಹೊಡೆದುಹಾಕುವ ಧೈರ್ಯವೂ ಬೇಕು. ರಷ್ಯಾದ ಕಾದಂಬರಿಕಾರ ದಸ್ತಯೇವ್‌ಸ್ಕಿ 1867ರಲ್ಲಿ 'ಈಡಿಯಟ್' ಕಾದಂಬರಿಗೆ ಮಾಡಿಕೊಂಡ ಟಿಪ್ಪಣಿಗಳಲ್ಲಿ ಯೋಜನೆಯ ಮೇಲೆ ಯೋಜನೆ ಇದೆ. ಮೊದಲ ಯೋಜನೆಗಳ ನಾಯಕ ಅಹಂಕಾರಿ, ಸೇಡಿನ ಮನುಷ್ಯ, ನಾವು ಇವತ್ತು ಓದುವ ಸೌಮ್ಯ ಮಿಶ್ಕಿನ್‌ಗೆ ತೀರಾ ವಿರುದ್ಧ. ಆ ವರ್ಷದ ಡಿಸೆಂಬರ್‌ನಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕೆ ಹಾಕಿ ಹೊಸದಾಗಿ ಶುರುಮಾಡಿದ, 1868ರ ಜನವರಿಯಲ್ಲಿ ಪತ್ರಿಕೆಯಲ್ಲಿ ಮೊದಲ ಭಾಗ ಬರಲಾರಂಭಿಸಿತು. ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಆ ತಿಂಗಳುಗಳ ಟಿಪ್ಪಣಿಗಳು ವ್ಯರ್ಥವಾಗಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ಅಷ್ಟೊಂದು ಬೇಡಗಳನ್ನು ದಾಟಿ ಬಂದವನಿಗೆ ತನಗೆ ಬೇಕಾದ ಮನುಷ್ಯ ಎದುರು ಬಂದಾಗ ಗುರುತು ಸಿಗುತ್ತದೆ.

ಬಂದ, ಬಂದರು

ಕನ್ನಡದಲ್ಲಿ ಬರೆಯುವವರು ಯೋಜನೆಯ ಹಂತದಲ್ಲೇ ತೀರ್ಮಾನಿಸಬೇಕಾದ ಒಂದು ಸಂಗತಿ ಇದೆ. ಕಾದಂಬರಿ ಕಲೆಯ ಬಗ್ಗೆ ಬೇರೆ ಭಾಷೆಗಳಿಂದ ಬಂದ ಪುಸ್ತಕಗಳು ಇದನ್ನು ಹೇಳಿಕೊಡುವುದಿಲ್ಲ. ನಿರೂಪಕ ಒಂದೊಂದು ಪಾತ್ರವನ್ನು ಏಕವಚನದಲ್ಲಿ ಕರೆಯುತ್ತಾನೋ ಬಹುವಚನದಲ್ಲೋ? ಮೇಷ್ಟ್ರು ಬಂದರು ಎಂದು ಬರೆದ ಕೂಡಲೇ ನಿರೂಪಕ ಅವರಿಗಿಂತ ಕಿರಿಯವನಾಗುತ್ತಾನೆ, ಮನೆಯ ಮಕ್ಕಳ ಸಾಲಿನಲ್ಲೋ ಶಿಷ್ಯರ ಸಾಲಿನಲ್ಲೋ ನಿಲ್ಲುತ್ತಾನೆ. ಅವರ ಮನಸ್ಸಿನೊಳಗೆ ಹೋಗುವುದು ಆಗ ಕಷ್ಟ. 'ಅವರಿಗೆ ನಾಚಿಕೆಯಾಯಿತು' ಎನ್ನುವಾಗ ಒಂದು ಅಂತರ ಇದ್ದೇ ಇರುತ್ತದೆ. ಮೇಷ್ಟ್ರು ಎನ್ನುವುದನ್ನು ಬಿಟ್ಟು ಹೆಸರು ಹಿಡಿದು 'ರಾಮಣ್ಣನಿಗೆ ನಾಚಿಕೆಯಾಯಿತು' ಎಂದರೆ ಆ ಅಂತರ ಹೋಗುತ್ತದೆ, ಮನುಷ್ಯ ಒಂಟಿಯಾಗುತ್ತಾನೆ.

ಇದನ್ನು ನಾನು ಯಾರಿಗೆ ಏನು ಗೊತ್ತು ಎನ್ನುವ ಪಟ್ಟಿಗೇ ಸೇರಿಸಿದ್ದೇನೆ. ಅಪ್ಪನ ಬಗ್ಗೆ ಒಬ್ಬೊಬ್ಬರಿಗೆ ಗೊತ್ತಿರುವುದು ಬೇರೆ, ಹಾಗಾಗಿ ಒಬ್ಬೊಬ್ಬರ ಅಧ್ಯಾಯದಲ್ಲಿ ಕ್ರಿಯಾಪದವೂ ಬೇರೆ. ವಸುಧಾಳ ಅಧ್ಯಾಯಗಳಲ್ಲಿ ಅಪ್ಪ ಬಂದರು, ಕೂತರು. ಅಣ್ಣನ ಅಧ್ಯಾಯಗಳಲ್ಲಿ ಅಪ್ಪ ಬಂದ, ಕೂತ. ಅವನು ಅಪ್ಪನ ಹೆಗಲ ಮೇಲೆ ಬೆಳೆದವನು, ಸಲುಗೆ ಜಾಸ್ತಿ, ಆ ಸಲುಗೆಯಲ್ಲೇ ದುಡ್ಡು ಕೇಳಿದವನು. ಅಮ್ಮನ ಅಧ್ಯಾಯಗಳಲ್ಲಿ ಹೆಸರೇ ಬರುವುದಿಲ್ಲ, ಬರೀ 'ಇವರು'. ಅಪ್ಪನ ಸ್ವಂತ ಅಧ್ಯಾಯ ಇರುವುದು ಒಂದೇ, ಅಲ್ಲಿ ಮಾತ್ರ ರಾಮಣ್ಣ. ಅಲ್ಲಿಗೆ ಬರುವವರೆಗೆ ಓದುಗ ಆ ಹೆಸರನ್ನು ನೋಟಿಸಿನ ಮೇಲೆ ಬಿಟ್ಟು ಬೇರೆಲ್ಲೂ ಕಂಡಿರುವುದಿಲ್ಲ.

ಎಲ್ಲಿಂದ ಶುರು

ಯಾರಿಗೆ ಏನು ಗೊತ್ತು ಎಂದು ಬರೆದುಕೊಳ್ಳುತ್ತಾ ಹೋದರೆ ಎಲ್ಲಿಂದ ಶುರುಮಾಡಬೇಕು ಎನ್ನುವುದೂ ಬದಲಾಗುತ್ತದೆ. ಟಾಲ್‌ಸ್ಟಾಯ್ ಮೊದಲು ಬರೆಯಹೊರಟದ್ದು ರಷ್ಯಾದ ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಗಡೀಪಾರಾಗಿ, 1856ರಲ್ಲಿ ಮರಳಿ ಬಂದವನೊಬ್ಬನ ಕಥೆ. ಅವನು ಅರ್ಥವಾಗಬೇಕಾದರೆ ದಂಗೆಯಾದ 1825ಕ್ಕೆ ಹೋಗಬೇಕಾಯಿತು, ಅಲ್ಲಿಂದ ಅವನ ಯೌವನದ 1812ಕ್ಕೆ, ಅದೂ ಸಾಲದೆ 1805ಕ್ಕೆ. 'ಯುದ್ಧ ಮತ್ತು ಶಾಂತಿ' 1805ರ ಜುಲೈನ ಒಂದು ಸಂಜೆ ಶುರುವಾಗುತ್ತದೆ, ಮೊದಲು ಅಂದುಕೊಂಡ 1856ಕ್ಕೆ ಬಂದು ಮುಟ್ಟುವುದೇ ಇಲ್ಲ. ನನ್ನ ಪಟ್ಟಿ ಅಪ್ಪ ನಿವೃತ್ತರಾಗುವ ದಿನದಿಂದ ಶುರುವಾಗುತ್ತಿತ್ತು. ಈಗ ಅಮ್ಮ ಮೊದಲ ನೋಟಿಸನ್ನು ಈಸಿಕೊಂಡು ಯಾರಿಗೂ ಹೇಳದೆ ಒಳಗೆ ತೆಗೆದಿಡುವ ಮಧ್ಯಾಹ್ನಕ್ಕೆ ಬಂದಿದೆ. ಅದು ಏನು ಕಾಗದ ಎಂದು ಓದುಗನಿಗೆ ಆಗ ಹೇಳುವುದಿಲ್ಲ, ಎರಡನೇ ಅಧ್ಯಾಯದ ಮಾಡಿನ ಮಾತಿನಲ್ಲಿ ಅನುಮಾನ ಬಂದರೆ ಸಾಕು.

ಇನ್ನೂ ಬಗೆಹರಿಯದೆ ಉಳಿದಿರುವುದು ಅಣ್ಣನ ಕಾಲಂ. ದುಡ್ಡು ಎಲ್ಲಿಂದ ಬಂತು ಎಂದು ಅವನು ಅಪ್ಪನನ್ನು ಯಾವತ್ತೂ ಕೇಳಿಲ್ಲ. ಗೊತ್ತಿಲ್ಲದೆ ಕೇಳಲಿಲ್ಲವೋ, ಗೊತ್ತಾಗುವುದು ಬೇಡ ಎಂದು ಕೇಳಲಿಲ್ಲವೋ? ಮೊದಲನೆಯದಾದರೆ ಅವನು ಪೆದ್ದ, ಎರಡನೆಯದಾದರೆ ಅವನ ಪ್ರತಿ ನಗುವಿನಲ್ಲೂ ಹೆದರಿಕೆ ಇರಬೇಕು, ಅದನ್ನು ಮೊದಲ ಅಧ್ಯಾಯದಿಂದ ಬರೆದುಕೊಂಡು ಬರಬೇಕು. ಅಕ್ಕನನ್ನು ಕೇಳಿದೆ. "ಅವನಿಗೆ ಗೊತ್ತು. ಗಂಡುಮಕ್ಕಳು ಕೇಳಲ್ಲ ಅಷ್ಟೇ" ಅಂದಳು. ನನಗೆ ಅಷ್ಟು ಖಾತ್ರಿ ಇಲ್ಲ. ಹನ್ನೊಂದನೇ ಅಧ್ಯಾಯದಲ್ಲಿ ಅವನು ಮನೆಗೆ ಬರುತ್ತಾನೆ. ಬಾಗಿಲು ತೆಗೆಯುವುದು ಅಮ್ಮನೋ ವಸುಧಾಳೋ ಎನ್ನುವುದರ ಮೇಲೆ ಅವನ ಮೊದಲ ಮಾತು ನಿಂತಿದೆ, ಆ ಮಾತಿನಲ್ಲಿ ಅವನಿಗೆ ಎಷ್ಟು ಗೊತ್ತು ಎನ್ನುವುದು ಹೊರಬೀಳುತ್ತದೆ. ಸದ್ಯಕ್ಕೆ ಎರಡನ್ನೂ ಬರೆದು ನೋಡುತ್ತಿದ್ದೇನೆ.